ರಿಮ್ಮಿನ ಮೇಲೊಂದು ನೇರ ಗೆರೆ

ಲೋಹ ಉಜ್ಜುವ ಅರ ಎರಡನೇ ಸಲ ರಿಮ್ಮಿನ ಮೇಲೆ ಇಳಿಯುವಷ್ಟರಲ್ಲಿ ಅವಳು ತನ್ನ ಬಲಗಾಲನ್ನು ಚಕ್ರಕ್ಕೂ ತಮ್ಮನ ಕೈಗೂ ನಡುವೆ ತೂರಿಸಿದಳು.

"ಅಕ್ಕ, ಕಾಲು ತೆಗಿ."

"ಮೊದಲು ನೀನು ಕೈ ತೆಗಿ."

"ಚರ್ಮ ಕಿತ್ತು ಬಂದ್ರೆ ಅದಕ್ಕೆ ಮೆತ್ತೋ ಪುಟ್ಟಿ ನನ್ನ ಹತ್ರ ಇಲ್ಲ, ಮೊದಲೇ ಹೇಳಿದ್ದೀನಿ."

"ಕೈ ತೆಗಿ ಅಂದೆ."

ತಮ್ಮ ಅರವನ್ನು ಪಕ್ಕಕ್ಕಿಟ್ಟು ಕುಕ್ಕರುಗಾಲಿನಲ್ಲೇ ಹಿಂದಕ್ಕೆ ಸರಿದ. ಅಕ್ಕನ ಆ ಕಾಲು ಅವನಿಗೆ ಹೊಸದಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಆ ಕಡೆಗೆಂದೇ ಹಾಕಿಸಿದ ಎರಡನೇ ಬ್ರೇಕಿನ ಮೇಲೆ ಅದೇ ಕಾಲನ್ನು ತೂಗಿಸಿಕೊಂಡು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಳು. ಕಲಿತವರೆಲ್ಲ ಅವಳನ್ನು ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಮನೆಯಲ್ಲಿ ಊಟದ ಮೇಜಿನ ಕೆಳಗೂ ಆ ಕಾಲು ಒಮ್ಮೊಮ್ಮೆ ನೆಲವನ್ನು ಒತ್ತುವುದುಂಟು. ಯಾರಾದರೂ ಮಾತಿನಲ್ಲಿ ಅವಸರ ಮಾಡಿದಾಗ.

ಅವಳು ಬಂದದ್ದು ರಿಮ್ ನೋಡಲಿಕ್ಕಲ್ಲ, ಒಂದು ದಿಂಬಿಗಾಗಿ. ಸ್ಕೂಲಿನ ಕಾರು ತಮ್ಮನ ಟಿಂಕರಿಂಗ್ ಶೆಡ್ಡಿನಲ್ಲಿ ಒಂಬತ್ತು ದಿನದಿಂದ ನಿಂತಿತ್ತು. ಅದರ ಡ್ರೈವರ್ ಸೀಟಿನ ಮೇಲೆ ಟೈಲರಮ್ಮ ಬಿಟ್ಟುಹೋದ ದಿಂಬು ಹಾಗೆಯೇ ಇತ್ತು. ಟೈಲರಮ್ಮ ಕುಳ್ಳಗಿನ ಹೆಂಗಸು, ಐವತ್ತನಾಲ್ಕು ವರ್ಷ. ಸ್ಟೀರಿಂಗಿನ ಮೇಲಿಂದ ರಸ್ತೆ ಕಾಣುವುದಿಲ್ಲವೆಂದು ಎರಡನೇ ಕ್ಲಾಸಿಗೇ ಚೂರುಬಟ್ಟೆಗಳನ್ನು ಜೋಡಿಸಿ ದಿಂಬು ಹೊಲಿದುಕೊಂಡು ಬಂದಿದ್ದಳು. ಅಂಚಿಗೆ ಎರಡೆರಡು ಹೊಲಿಗೆ. "ಕೂರೋಕೆ ಇಷ್ಟು ಗಟ್ಟಿ ಯಾಕೆ?" ಎಂದು ಕೇಳಿದ್ದಕ್ಕೆ, "ಮೇಡಂ, ಭಯ ಅನ್ನೋದು ಭಾರ ಇರತ್ತೆ," ಎಂದು ನಕ್ಕಿದ್ದಳು.

"ಯಾಕೆ ಅರ ಹಾಕ್ತಿದ್ದೆ?" ಬ್ರೇಕಕ್ಕ ಚಕ್ರದ ಮುಂದೆ ಕೂತಳು.

"ಬಾಗಿಲಿಗೆ ಹೊಸ ಬಣ್ಣ ಬೀಳತ್ತೆ, ಫೆಂಡರಿಗೆ ಬೀಳತ್ತೆ. ನಡುವೆ ರಿಮ್ಮು ಮಾತ್ರ ತರಚಿಕೊಂಡು ನಿಂತ್ರೆ ನೋಡೋರು ನನ್ನ ಕೆಲಸಕ್ಕೆ ಉಗೀತಾರೆ. ವಿಮೆ ಕ್ಲೇಮಿನ ಪಟ್ಟಿಯಲ್ಲಿ ರಿಮ್ಮಿಲ್ಲ. ಕಂಪನಿ ಸರ್ವೇಯರ್ ಅದರ ಫೋಟೋನೂ ತೆಗೀಲಿಲ್ಲ. ಬಾಡಿ ಅಂದ್ರೆ ಬಾಡಿ, ಚಕ್ರ ಬಾಡಿ ಅಲ್ಲವಂತೆ. ಇದು ನನ್ನ ಕಡೆಯಿಂದ ಪುಕ್ಕಟೆ."

"ಈ ಗೆರೆ ನೋಡು."

"ನೋಡಿದ್ದಕ್ಕೇ ಅರ ತಗೊಂಡಿದ್ದು."

"ಸರಿಯಾಗಿ ನೋಡೋ, ಮಹಾರಾಯ."

ಅವನು ನೋಡಿದ. ಬೆಳ್ಳಿ ಬಣ್ಣದ ರಿಮ್ಮಿನ ಅಂಚಿನಲ್ಲಿ ಎರಡು ಇಂಚಿನ ಒಂದು ಗೀರು. ಒಂದು ತುದಿಯಲ್ಲಿ ಅವನ ಅರ ಸ್ವಲ್ಪ ಹೊಳಪು ಬರಿಸಿತ್ತು. ಉಳಿದದ್ದು ಹಾಗೇ ಇತ್ತು. ಎಲ್ಲೂ ಬಾಗದೆ, ಸ್ಕೇಲಿಟ್ಟು ಎಳೆದ ಹಾಗೆ. ಅವನ ಮುಖದ ಮೇಲಿನ ತುಂಟತನ ನಿಧಾನಕ್ಕೆ ಇಳಿಯಿತು.

"ಅರೆ," ಎಂದ.

*

ಆಗಿದ್ದು ಇಷ್ಟು. ಒಂದು ಅಡ್ಡರಸ್ತೆ ದೊಡ್ಡ ರಸ್ತೆಗೆ ಸೇರುವ ಕಡೆ, ಬಿಳಿ ಗೆರೆಯ ಹಿಂದೆ, ಟೈಲರಮ್ಮ ಕಾರು ನಿಲ್ಲಿಸಿ ದಾರಿ ಖಾಲಿಯಾಗಲೆಂದು ಕಾಯುತ್ತಿದ್ದಳು. ದೊಡ್ಡ ರಸ್ತೆಯಿಂದ ಒಂದು ಬಿಳಿ ಕಾರು ಒಳಕ್ಕೆ ತಿರುಗಿತು. ತಿರುವನ್ನು ಪೂರ್ತಿ ತಿರುಗುವ ತಾಳ್ಮೆ ಇಲ್ಲದೆ ಮೂಲೆಯನ್ನು ಕತ್ತರಿಸಿಕೊಂಡು ಬಂದು, ನಿಂತಿದ್ದ ಕಾರಿನ ಮುಂಚಕ್ರದ ಮೇಲಿನ ಫೆಂಡರಿನಿಂದ ಡ್ರೈವರ್ ಬಾಗಿಲಿನವರೆಗೂ ಉಜ್ಜಿಕೊಂಡು ಹೋಗಿ ನಿಂತಿತು. ಯಾರಿಗೂ ಗಾಯವಿಲ್ಲ. ಬಾಗಿಲು ಮಾತ್ರ ಟೈಲರಮ್ಮನ ಮೊಣಕೈಯವರೆಗೂ ಒಳಕ್ಕೆ ಬಂದಿತ್ತು.

ಆಗ ಬ್ರೇಕಕ್ಕ ಮಾಡಿದ ಮೊದಲ ಕೆಲಸ, ಅದೇ ಎಡವಟ್ಟು. ಟೈಲರಮ್ಮನ ಮುಖ ಸುಣ್ಣದಂತಾದದ್ದನ್ನು ಕಂಡು ಅವಳು ಜೋರಾಗಿ, "ತಪ್ಪು ನಂದು, ತಪ್ಪು ನಂದು, ನೀವು ಉಸಿರಾಡಿ," ಎಂದಳು. ಗಾಜು ಇಳಿದಿತ್ತು. ಬಿಳಿ ಕಾರಿನವನು ಅಷ್ಟರಲ್ಲಿ ಕೈಯಲ್ಲಿ ಫೋನ್ ಹಿಡಿದು ಇಳಿದಿದ್ದ. ವೀಡಿಯೋ ಶುರುವಾಗುವುದೇ ಆ ಮಾತಿನಿಂದ.

ಅದು ಅವಳ ಬಾಯಿಪಾಠ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಬ್ಯಾಂಕಿನ ಗುಮಾಸ್ತ ಕ್ಲಚ್ಚಿನ ಬದಲು ಬ್ರೇಕ್ ತುಳಿದಾಗ ಅವಳು, "ನಿಮ್ಮದೇ ತಪ್ಪು, ಕಾಲು ಎಲ್ಲಿತ್ತು?" ಎಂದು ಬೈದಿದ್ದಳು. ಅವನು ಇಂಜಿನ್ ಆರಿಸಿ, ಕಾರನ್ನು ನಡುರಸ್ತೆಯಲ್ಲಿ ಬಿಟ್ಟು, ಟೈ ಸರಿಮಾಡಿಕೊಂಡು ನಡೆದೇ ಮನೆಗೆ ಹೋದ. ಮತ್ತೆ ಬರಲಿಲ್ಲ. ಅವತ್ತಿನಿಂದ ಯಾರು ಏನು ಮಾಡಿದರೂ ಅವಳು ತಪ್ಪನ್ನು ಮೊದಲು ತನ್ನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಗೇರು ಕಿರುಚಿದರೆ "ತಪ್ಪು ನಂದು, ಮೊದಲೇ ಹೇಳಬೇಕಿತ್ತು." ಕಾರು ಎಗರಿ ಆರಿಹೋದರೆ "ತಪ್ಪು ನಂದು, ಅವಸರ ಮಾಡಿಸಿದೆ." ಕಲಿಯುವವರ ಭುಜ ಒಂದು ಇಂಚು ಕೆಳಗಿಳಿಯುತ್ತಿತ್ತು. ಇಪ್ಪತ್ತೊಂದು ವರ್ಷ ಆ ಮಾತಿನಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಬಿಳಿ ಕಾರಿನವನು ತನ್ನ ವಿಮೆ ಕಂಪನಿಗೆ ಬರೆದುಕೊಟ್ಟ: ಎಲ್ ಬೋರ್ಡಿನ ಕಾರು ತಾನು ತಿರುಗುವಾಗ ಮುಂದಕ್ಕೆ ಉರುಳಿಬಂತು, ಪಕ್ಕದಲ್ಲಿದ್ದ ಮೇಡಮ್ಮೇ ಒಪ್ಪಿಕೊಂಡಿದ್ದಾರೆ, ವೀಡಿಯೋ ಇದೆ.

ಸ್ಕೂಲಿನ ಯಜಮಾನ ನಿನ್ನೆ ಸಂಜೆ ಫೋನ್ ಮಾಡಿದ್ದ. ಅವನು ಕೆಟ್ಟವನಲ್ಲ, ಸುಸ್ತಾದವನು. "ನೋಡಮ್ಮ, ತಪ್ಪು ನಿಂದು ಅಂತ ಬರೆದರೆ ನಿನ್ನ ಕಲಿಸೋ ಪರವಾನಗಿ ತನಿಖೆಗೆ ಹೋಗತ್ತೆ. ಕಲಿಯೋರದ್ದು ಅಂತ ಬರೆದರೆ ಯಾರಿಗೂ ಏನೂ ಇಲ್ಲ. ಕಲಿಯೋರು ತಪ್ಪು ಮಾಡೋದೇ ಕೆಲಸ, ಅದಕ್ಕೇ ನಾವು ದೊಡ್ಡ ವಿಮೆ ಕಟ್ಟಿರೋದು. ಟಿಂಕರಿಂಗು, ಬಣ್ಣ, ಎಲ್ಲ ಪೂರ್ತಿ ಕೊಡ್ತಾರೆ. ಕ್ಲಚ್ ಬಿಟ್ಟೆ, ಕಾರು ಉರುಳಿತು ಅಂತ ಒಂದು ಸಾಲು. ಟೈಲರಮ್ಮನ ಹತ್ರ ಮಾತಾಡಿದ್ದೀನಿ, ಪಾಪ, ಹೂಂ ಅಂದ್ರು. ನಾಳೆ ಹನ್ನೊಂದಕ್ಕೆ ಸರ್ವೇಯರ್ ಬರ್ತಾನೆ."

"ಅವರು ಹೂಂ ಅಂದ್ರಾ?"

"ಕೇಳಿ ಮುಗಿಸೋದರೊಳಗೆ ಅಂದ್ರು."

ಬ್ರೇಕಕ್ಕನಿಗೆ ಇದು ಅನಿರೀಕ್ಷಿತವೇನಲ್ಲ. ಮೂರು ದಿನದ ಹಿಂದೆ ಅವಳು ಟೈಲರಮ್ಮನ ಅಂಗಡಿಗೆ ಹೋಗಿದ್ದಳು. ಫೋನ್ ಎತ್ತುತ್ತಿಲ್ಲ, ಕ್ಲಾಸಿಗೆ ಬರುತ್ತಿಲ್ಲ. ಕಿರಿದಾದ ಅಂಗಡಿ, ಗೋಡೆತುಂಬ ನೂಲಿನ ಉಂಡೆಗಳು, ಕಿಟಕಿಯ ಬಳಿ ಕಾಲಲ್ಲಿ ತುಳಿಯುವ ಹಳೆಯ ಮೆಷಿನ್. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಒಂದು ತೋಳಿನ ಬಟ್ಟೆಯನ್ನು ಜೋಡಿಸುತ್ತಿದ್ದಳು. ಪಿನ್ನುಗಳ ಸಂದಿಯಿಂದಲೇ ಮಾತಾಡಿದಳು.

"ಬಿಡಿ ಮೇಡಂ. ಸ್ಟೀರಿಂಗು ನನ್ನ ಕೈಗೆ ಒಗ್ಗಲ್ಲ."

"ನೀವು ಏನೂ ಮಾಡಲಿಲ್ಲ ಟೈಲರಮ್ಮ. ನಿಂತಿದ್ರಿ ಅಷ್ಟೆ. ಅವನು ಬಂದು ಗುದ್ದಿದ."

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿದಳು. "ತಪ್ಪು ನಂದು ಅಂತ ಎರಡು ಸಲ ಅಂದ್ರಲ್ಲ ನೀವು. ಹದಿನಾಲ್ಕು ಕ್ಲಾಸು ಕೂತಿದ್ದೀನಿ ನಿಮ್ಮ ಪಕ್ಕ. ನಾನು ಸರಿಯಾಗಿ ಮಾಡಿದಾಗ ನೀವು ಒಂದು ದಿನವೂ ಹಾಗಂದಿಲ್ಲ. ನಾನು ಕೆಡಿಸಿದಾಗ ಮಾತ್ರ ಅಂತೀರಿ. ಕಲಿತವರಿಗೆಲ್ಲ ಗೊತ್ತು ಮೇಡಂ, ನಾವು ಹೊರಗೆ ಬೆಂಚಿನ ಮೇಲೆ ಕೂತು ಅದನ್ನೇ ಹೇಳ್ಕೊಂಡು ನಗ್ತೀವಿ. ಎರಡು ಸಲ ಅಂದ್ರೆ ದೊಡ್ಡದೇ ಕೆಡಿಸಿರಬೇಕು."

ಅಷ್ಟು ವರ್ಷ ಬ್ರೇಕಕ್ಕ ತಾನು ಹೊದಿಸಿದ್ದೆಂದುಕೊಂಡಿದ್ದ ಹೊದಿಕೆಯ ಮೂಲಕ ಒಳಗಿರುವವರಿಗೆ ಎಲ್ಲ ಕಾಣುತ್ತಿತ್ತು.

"ನಮ್ಮವರು ಮೊದಲೇ ಹೇಳಿದ್ರು," ಟೈಲರಮ್ಮ ಮೆಷಿನ್ನಿನ ಮುಂದೆ ಕೂತಳು. "ನೀನು ತುಳಿಯೋ ಪೆಡಲು ಇದೊಂದೇ ಅಂತ. ಈಗ ಕಣ್ಣು ಮಬ್ಬಾಗಿ ಅವರಿಗೆ ಓಡಿಸೋಕಾಗಲ್ಲ, ನಾನು ಕಲಿಯೋದು ಅವರಿಗೆ ಸೇರಲ್ಲ. ಬಾಗಿಲು ಜಜ್ಜಿದ್ದು ಕೇಳಿ ಏನೂ ಬೈಯಲಿಲ್ಲ. ಖುಷಿಯಾಗಿ ಟೀ ಕೇಳಿದ್ರು."

ಮೆಷಿನ್ ಓಡಿತು. ಅವಳ ಪಾದ ಪೆಡಲಿನ ಮೇಲೆ ಎಷ್ಟು ಹದವಾಗಿ ಏರಿಳಿಯಿತೆಂದರೆ, ಬ್ರೇಕಕ್ಕ ನೋಡುತ್ತಾ ನಿಂತುಬಿಟ್ಟಳು. ಇಂಥ ಕಾಲು ಕಲಿಯುವವರಲ್ಲಿ ನೂರಕ್ಕೊಬ್ಬರಿಗೆ. ಇನ್ನು ಮೂರು ವಾರದಲ್ಲಿ ಪರೀಕ್ಷೆಗೆ ಕಳಿಸಬಹುದಾಗಿದ್ದ ಕಾಲು.

*

ಇತ್ತ ಶೆಡ್ಡಿನ ಮೂಲೆಯಿಂದ ಒಂದು ಹಳೆಯ ಚಕ್ರವನ್ನು ತಮ್ಮ ಉರುಳಿಸಿಕೊಂಡು ಬಂದು, ಅದನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ. ಜೇಬಿನಿಂದ ಸೀಮೆಸುಣ್ಣ ತೆಗೆದ.

"ಈಗ ಚಕ್ರ ತಿರುಗ್ತಿದೆ ಅಂತಿಟ್ಕೋ," ಎಂದು ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದರಲ್ಲಿ ಸೀಮೆಸುಣ್ಣವನ್ನು ಮುಂದಿನಿಂದ ಹಿಂದಕ್ಕೆ ಎಳೆದ. ರಿಮ್ಮಿನ ಮೇಲೆ ಬಾಲ ಬಾಗಿದ ಗೆರೆ ಮೂಡಿತು. ಚಕ್ರ ನಿಲ್ಲಿಸಿ ಮತ್ತೆ ಎಳೆದ. ನೇರ ಗೆರೆ. "ಆ ಬಿಳಿ ಕಾರಿನ ಬಂಪರಿನ ಮೂಲೆ ತಾಗಿದಾಗ ನಿಮ್ಮ ಚಕ್ರ ಅಲ್ಲಾಡ್ತಿರಲಿಲ್ಲ. ಒಂದು ಗೇಣು ಉರುಳಿದ್ರೂ ಗೆರೆ ಸೊಟ್ಟ ಆಗ್ತಿತ್ತು. ತಗಡು ಸುಳ್ಳು ಹೇಳಲ್ಲ ಅಕ್ಕ."

"ನೀನು ಅದರ ನಾಲಿಗೆ ಕತ್ತರಿಸ್ತಿದ್ದೆಯಲ್ಲ."

"ಒಂದೇ ಒಂದು ಎಳೆತ ಎಳೆದಿದ್ದು. ಅದನ್ನೇ ಹಿಡ್ಕೊಂಡು ಸಾಯೋವರೆಗೂ ಅಂತಿರ್ತೀಯ ಇನ್ನು."

"ಅಂತೀನಿ."

ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಡ್ರೈವರ್ ಬಾಗಿಲು ತೆರೆಯುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಇನ್ನೊಂದು ಕಡೆಯಿಂದ ಒಳಗೆ ಹೋಗಿ, ತನ್ನ ಎಂದಿನ ಸೀಟಿನಲ್ಲಿ ಕೂತಳು. ಕಾಲು ತಾನಾಗಿಯೇ ಎರಡನೇ ಬ್ರೇಕಿನ ಮೇಲೆ ಹೋಯಿತು. ಅದನ್ನು ಹಿಂದಕ್ಕೆಳೆದುಕೊಂಡಳು.

ಚಕ್ರ ನಿಂತಿತ್ತು, ಸರಿ. ನಿಲ್ಲಿಸಿ ಹಿಡಿದಿದ್ದ ಕಾಲು ಯಾರದು? ವಿಮೆ ಕಂಪನಿಯ ಫಾರಮ್ಮಿನಲ್ಲಿ ಅವಳೇ ಬರೆದುಕೊಟ್ಟಿದ್ದಳು: "ಕಲಿಸುವವರ ಬ್ರೇಕ್ ಒತ್ತಿತ್ತು." ಹಾಗೆ ಬರೆಯದಿದ್ದರೆ ಯಾವ ಸ್ಕೂಲೂ ಅವಳನ್ನು ಇಟ್ಟುಕೊಳ್ಳುವುದಿಲ್ಲ. ರಸ್ತೆ ಸೇರುವ ಜಾಗದಲ್ಲಿ ಕಲಿಸುವವರ ಕಾಲು ಬ್ರೇಕಿನ ಮೇಲೆ ಇರಲೇಬೇಕು, ಅದು ಮೊದಲ ಪಾಠ. ನಿಜವೇನೆಂದರೆ, ಆ ಹೊತ್ತಿಗೆ ಅವಳ ಪೆನ್ನಿನ ಮುಚ್ಚಳ ಕೆಳಗೆ ಬಿದ್ದಿತ್ತು. ಅವಳು ಎರಡು ಕಾಲನ್ನೂ ಹಿಂದಕ್ಕೆ ಮಡಚಿ, ಬಗ್ಗಿ, ಮ್ಯಾಟಿನ ಮೇಲೆ ಕೈಯಾಡಿಸುತ್ತಿದ್ದಳು. ಸದ್ದಾದ ಮೇಲೆಯೇ ತಲೆ ಎತ್ತಿದ್ದು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ "ತಪ್ಪು ನಂದು" ಎಂಬ ಮಾತು ಅವಳ ಹೊಟ್ಟೆಯೊಳಗಿಂದ ಬಂದಿತ್ತು. ಅದಕ್ಕೇ ಇರಬೇಕು, ಎರಡು ಸಲ ಬಂದಿತ್ತು.

ಕಾರನ್ನು ಹಿಡಿದದ್ದು ಟೈಲರಮ್ಮನ ಕಾಲು. ಬಾಗಿಲು ಮೈಮೇಲೆ ಬಂದಾಗಲೂ ಅದು ಜಾರಲಿಲ್ಲ. ಆಮೇಲೆ "ಈಗ ಬ್ರೇಕ್ ಬಿಡಬಹುದು" ಎಂದು ಮೂರು ಸಲ ಹೇಳಬೇಕಾಗಿತ್ತು.

ಅವಳು ದಿಂಬನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಹನ್ನೊಂದಕ್ಕೆ ಇನ್ನು ಕಾಲು ಗಂಟೆ ಇತ್ತು.

*

ಟೈಲರಮ್ಮ ಮೊದಲು ಬಂದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಒಂದು ಪೆನ್ನು. ಸಹಿ ಹಾಕಲು ಮನೆಯಿಂದಲೇ ಪೆನ್ನು ತಂದಿದ್ದಳು, ಅವರ ಪೆನ್ನು ಕೆಡಿಸುವುದೂ ಬೇಡವೆಂಬಂತೆ. ಕಾರಿನ ಜಜ್ಜಿದ ಬದಿಯನ್ನು ನೋಡದೆ, ಬಣ್ಣದ ಡಬ್ಬಿಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ದಿಂಬು ಇಲ್ಲೇ ಇದೆ," ಎಂದು ಬ್ರೇಕಕ್ಕ ಅದನ್ನು ಹಿಡಿದುಕೊಂಡೇ ಕಾರಿನಿಂದ ಇಳಿದಳು.

"ಇರಲಿ ಮೇಡಂ. ಮುಂದೆ ಬರೋರು ಕುಳ್ಳಗಿದ್ರೆ ಆಗತ್ತೆ."

ಸರ್ವೇಯರ್ ಬಂದ. ಕೊರಳಿಗೆ ಗುರುತಿನ ಚೀಟಿ, ಕಂಕುಳಲ್ಲಿ ಟ್ಯಾಬ್, ಬೂಟಿನ ಮೇಲೆ ಇನ್ಯಾವುದೋ ಗ್ಯಾರೇಜಿನ ಎಣ್ಣೆ. ಅವತ್ತು ಅವನಿಗೆ ಹನ್ನೆರಡು ಕಾರು ನೋಡುವುದಿತ್ತು, ಇದು ಐದನೆಯದು. ತಮ್ಮ ಅವನನ್ನು ಚಕ್ರದ ಬಳಿಗೆ ಕರೆದೊಯ್ದು ಗೆರೆ ತೋರಿಸಿದ, ಸೀಮೆಸುಣ್ಣದ ಆಟವನ್ನು ಎರಡು ಸಲ ಆಡಿದ. ಸರ್ವೇಯರ್ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ ನೋಡಿದ.

"ನೀವು ಹೇಳೋದು ನಿಜ," ಎಂದ. "ನಾನೂ ಶೆಡ್ಡಿನಲ್ಲೇ ಬೆಳೆದೋನು. ಕಾರು ನಿಂತಿತ್ತು."

"ಹಾಗಂತ ಬರೀರಿ ಸಾರ್."

"ಎಲ್ಲಿ ಬರೀಲಿ? ಮೊದಲ ಫೋಟೋಗಳಲ್ಲಿ ಚಕ್ರ ಇಲ್ಲ. ಇವತ್ತು ತೆಗೆದರೆ ಆಮೇಲೆ ಗೀಚಿದ್ದು ಅಂತಾರೆ. ಅದರ ಮೇಲೆ ಅರದ ಗುರುತು ಬೇರೆ ಇದೆ, ಅದು ಯಾರದ್ದೋ ನನಗೆ ಗೊತ್ತಿಲ್ಲ." ಅವನು ತಮ್ಮನ ಕಡೆ ನೋಡಲಿಲ್ಲ. ತಮ್ಮ ತನ್ನ ಉಗುರು ನೋಡಿಕೊಂಡ. "ಮೇಲಾಗಿ ಟಿಂಕರು ಮೇಡಮ್ಮಿನ ಒಡಹುಟ್ಟಿದೋನು. ಹಟ ಹಿಡಿದರೆ ಕೇಸು ಮೇಲಕ್ಕೆ ಹೋಗತ್ತೆ. ಮೂರು ತಿಂಗಳು, ನಾಲ್ಕು ತಿಂಗಳು. ಕಾರು ಇಲ್ಲೇ ಧೂಳು ತಿನ್ನತ್ತೆ. ಗೆಲ್ಲಬಹುದು, ಗೆಲ್ಲದೇ ಇರಬಹುದು. ಈ ಕಾಗದಕ್ಕೆ ಸಹಿ ಬಿದ್ದರೆ ಇವತ್ತೇ ಮುಗೀತು."

ಟೈಲರಮ್ಮ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು. "ಎಲ್ಲಿ ಹಾಕ್ಬೇಕು ಸಾರ್?"

"ಒಂದು ನಿಮಿಷ ಟೈಲರಮ್ಮ," ಎಂದಳು ಬ್ರೇಕಕ್ಕ. "ಮೊದಲು ಇಲ್ಲಿ ಬನ್ನಿ. ಈ ಗೆರೆ ನೋಡಿ."

"ಕಬ್ಬಿಣದ ವಿಷಯ ನನಗೇನು ತಿಳಿಯತ್ತೆ?"

"ಗೆರೆ ತಾನೇ. ನೋಡಿ."

ಟೈಲರಮ್ಮ ಒಲ್ಲದ ಮನಸ್ಸಿನಿಂದ ಬಂದು ಬಗ್ಗಿದಳು. ಸೀಮೆಸುಣ್ಣದ ಸೊಟ್ಟ ಗೆರೆ ನೋಡಿದಳು, ನೇರ ಗೆರೆ ನೋಡಿದಳು, ಆಮೇಲೆ ಕಾರಿನ ರಿಮ್ಮಿನ ಮೇಲಿನ ಗೀರಿನುದ್ದಕ್ಕೂ ತೋರುಬೆರಳನ್ನು ಎಳೆದಳು. ಇನ್ನೊಮ್ಮೆ ಎಳೆದಳು. ಹೊಲಿಗೆ ನೇರವಿದೆಯೇ ಎಂದು ಬಟ್ಟೆ ಮುಟ್ಟಿ ನೋಡುವ ಹಾಗೆ.

"ಕತ್ತರಿ ಓಡುವಾಗ ಕೆಳಗೆ ಬಟ್ಟೆ ಸರಿದ್ರೆ ಹೀಗೆ ಸೊಟ್ಟ ಹೋಗತ್ತೆ," ಎಂದಳು ನಿಧಾನಕ್ಕೆ. "ಇದು ಸರಿದಿಲ್ಲ."

"ಸರಿದಿಲ್ಲ."

"ಬಿಡಿ ಮೇಡಂ, ನಿಮ್ಮ ಕಾಲಿತ್ತಲ್ಲ ಬ್ರೇಕಿನ ಮೇಲೆ. ನೀವು ಹಿಡಿದಿದ್ರಿ, ಅದಕ್ಕೇ ಸರೀಲಿಲ್ಲ."

ಅಕ್ಕನ ಮುಖವನ್ನು ತಮ್ಮ ನೋಡಿದ. ಅವನಿಗೇನೂ ಗೊತ್ತಿರಲಿಲ್ಲ, ಆದರೂ ಅಕ್ಕನ ಬಲಗಾಲು ನೆಲವನ್ನು ಒತ್ತುತ್ತಿರುವುದು ಕಂಡಿತು.

"ಇರಲಿಲ್ಲ," ಎಂದಳು ಬ್ರೇಕಕ್ಕ.

"ಏನು?"

"ನನ್ನ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಪೆನ್ನಿನ ಮುಚ್ಚಳ ಬಿದ್ದಿತ್ತು, ಬಗ್ಗಿ ಹುಡುಕ್ತಿದ್ದೆ. ಫಾರಮ್ಮಿನಲ್ಲಿ ಇತ್ತು ಅಂತ ಬರೆದಿದ್ದು ಸುಳ್ಳು. ಕಾರು ಹಿಡಿದಿದ್ದು ನೀವೊಬ್ಬರೇ. ಅವನು ಗುದ್ದುವಾಗಲೂ ಹಿಡಿದಿದ್ರಿ, ಗುದ್ದಿದ ಮೇಲೂ ಹಿಡಿದಿದ್ರಿ."



ಸರ್ವೇಯರ್ ಕನ್ನಡಕವನ್ನು ಕಣ್ಣಿಗೆ ಇಳಿಸಿದ. ತುಂಬ ಹೊತ್ತು ಟ್ಯಾಬಿನ ಮೇಲೆ ಇಲ್ಲದ ಧೂಳು ಒರೆಸಿದ.

"ಮೇಡಂ, ನೀವು ಈಗ ಹೇಳಿದ್ದು ನನಗೆ ಕೇಳಿಸಿಲ್ಲ," ಎಂದ. "ಕೇಳಿಸಿದರೆ ಬರೀಬೇಕಾಗತ್ತೆ. ಬರೆದರೆ ನಿಮ್ಮ ಪರವಾನಗಿ ಉಳಿಯಲ್ಲ. ಯಾಕೆ ಸುಮ್ಮನೆ?" ಅವನು ಟೈಲರಮ್ಮನ ಕಡೆ ತಿರುಗಿದ. ದನಿಯಲ್ಲಿ ನಿಜವಾದ ಕಕ್ಕುಲತೆ ಇತ್ತು. "ಅಮ್ಮ, ನೀವು ಒಂದು ಸಹಿ ಹಾಕಿದ್ರೆ ಎಲ್ಲರೂ ಬಚಾವ್. ನಿಮ್ಮ ಹೆಸರಿಗೆ ಏನೂ ಬರಲ್ಲ. ಕಲಿಯೋರ ತಪ್ಪು ಅಂದ್ರೆ ಮಕ್ಕಳ ತಪ್ಪಿದ್ದ ಹಾಗೆ, ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಮೇಡಮ್ಮಿನ ಕೆಲಸ ಉಳಿಯತ್ತೆ. ಕಾರು ರೆಡಿಯಾಗತ್ತೆ. ನಿಮಗೆ ಇನ್ನೂ ಹತ್ತು ಕ್ಲಾಸು ಪುಕ್ಕಟೆ ಕೊಡ್ತೀನಿ ಅಂತ ಯಜಮಾನರು ಹೇಳಿ ಕಳಿಸಿದ್ದಾರೆ. ಒಳ್ಳೇದೇ ಅಲ್ವಾ?"

ಟೈಲರಮ್ಮ ಕಾಗದ ತೆಗೆದುಕೊಂಡಳು. ತುಟಿ ಅಲುಗಿಸುತ್ತಾ ಆ ಒಂದು ಸಾಲನ್ನು ಓದಿದಳು. ನಾನು ಕ್ಲಚ್ ಬಿಟ್ಟಿದ್ದರಿಂದ ಕಾರು ಮುಂದಕ್ಕೆ ಉರುಳಿತು. ಆಮೇಲೆ ಇನ್ನೊಮ್ಮೆ ರಿಮ್ಮಿನ ಗೆರೆಯ ಕಡೆ ನೋಡಿದಳು. ಅವಳ ಬಲಪಾದ ಶೆಡ್ಡಿನ ಸಿಮೆಂಟಿನ ಮೇಲೆ, ಚಪ್ಪಲಿಯೊಳಗೆ, ಒಂಚೂರು ಮುಂದಕ್ಕೆ ಬಾಗಿ ಒತ್ತಿತು. ಒತ್ತಿ ಹಿಡಿಯಿತು.

ಅವಳು ತಲೆಯೆತ್ತಿ ಬ್ರೇಕಕ್ಕನನ್ನು ನೋಡಿದಳು. ಹದಿನಾಲ್ಕು ಕ್ಲಾಸಿನಲ್ಲೂ ಪ್ರತಿ ತಿರುವಿನಲ್ಲಿ ಹೋಗಲೋ ಬೇಡವೋ ಎಂದು ಕೇಳುತ್ತಿದ್ದ ಅದೇ ನೋಟ.

ಬ್ರೇಕಕ್ಕನ ಮನಸ್ಸಿಗೆ ಏನೇನೋ ಬಂದವು. ಇಪ್ಪತ್ತೊಂದು ವರ್ಷ ಬಂತು, ಮನೆಯ ಬಾಡಿಗೆ ಬಂತು, ಇನ್ನು ಯಾವ ಸೀಟಿನಲ್ಲಿ ಕೂರಲಿ ಎಂಬುದು ಬಂತು. ಅವನ್ನೆಲ್ಲ ಪಕ್ಕಕ್ಕಿಟ್ಟು ಅವಳು ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದಳು.

"ನನ್ನ ಮುಖ ನೋಡಬೇಡಿ. ಮುಂದೆ ನೋಡಿ."

ಟೈಲರಮ್ಮ ಮುಂದೆ ನೋಡಿದಳು. ಮುಂದೆ ಸರ್ವೇಯರ್ ಇದ್ದ. ಕಾಗದವನ್ನು ನೀಟಾಗಿ, ಅಂಚಿಗೆ ಅಂಚು ಕೂಡಿಸಿ ಎರಡಾಗಿ ಮಡಚಿ ಅವನ ಟ್ಯಾಬಿನ ಮೇಲಿಟ್ಟಳು. ಪೆನ್ನಿನ ಮುಚ್ಚಳ ಹಾಕಿದಳು. ಬ್ರೇಕಕ್ಕನ ಕೈಯಿಂದ ತನ್ನ ದಿಂಬನ್ನು ತೆಗೆದುಕೊಂಡು ಕಂಕುಳಲ್ಲಿ ಅವುಚಿದಳು.

"ಹಾಕಲ್ಲ," ಎಂದಳು.